ತಿಳಿನೀರಿನಲ್ಲಿ ಅಡಗಿದ ನೈಟ್ರೇಟ್: ಪತ್ತೆಗೆ ಇಂಗಾಲದ ನಳಿಕೆ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿತಳಿಗೆ ಹೆಸರಾದ ಊರು. ಕುರಿಗೆ ಮೇವು ಆರಿಸಿ ಹಾಕುವ ರೈತರು ನೀರನ್ನು ಮಾತ್ರ ತಿಳಿಯಾಗಿದ್ದರೆ ಸಾಕೆಂದು ಒಪ್ಪಿಬಿಡುವುದುಂಟು. ಆದರೆ ಬೆಳೆಗೆ ದಕ್ಕದೆ ಉಳಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬಾವಿಗೆ ಇಳಿಯಬಲ್ಲದು. ತಿಪ್ಪೆಯ ಬಸಿನೀರೂ ಹಾಗೆಯೇ. ನೀರಿನಲ್ಲಿ ಇದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಕಾಯಿಸಿದರೂ ಹೋಗದು.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಹೆಚ್ಚಾದರೆ ಎಳೆಗೂಸಿನ ರಕ್ತ ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಗಟ್ಟಬಹುದು. ನೀರು, ಮೇವು ಎರಡರಲ್ಲೂ ಅತಿಯಾದರೆ ಕುರಿಗಳಿಗೂ ಪ್ರಾಣಾಪಾಯ.

ಇಂಥ ಮಾಲಿನ್ಯವನ್ನು ಸ್ಥಳದಲ್ಲೇ ಅಳೆಯಲು ವಿಜ್ಞಾನಿಗಳು ಇಂಗಾಲದ ನ್ಯಾನೊ ನಳಿಕೆಗಳತ್ತ ತಿರುಗಿದ್ದಾರೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇವುಗಳ ರಚನೆಯನ್ನು ವಿವರಿಸಿದರು. ಇವು ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಮತ್ತು ಸಂಗಡಿಗರು 2003ರಲ್ಲಿ, ಇವುಗಳ ಮೇಲೆ ದ್ರವ ಹರಿದರೆ ವಿದ್ಯುತ್ ಹುಟ್ಟುವುದೆಂದು ತೋರಿಸಿದರು. ಮಾಲಿನ್ಯದ ಪತ್ತೆಗೆ ಬೇರೆ ವಿಧಾನ: ನಳಿಕೆಗೆ ನೈಟ್ರೇಟನ್ನು ಹಿಡಿಯುವ ಲೇಪ ಕೊಟ್ಟು ವಿದ್ಯುತ್ ಹಾಯಿಸುತ್ತಾರೆ. ನೈಟ್ರೇಟ್ ಅಂಟಿದೊಡನೆ ಹರಿವು ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ.

ಈ ಸಾಧನ ನಮ್ಮ ಬಾವಿಕಟ್ಟೆಗೆ ಬರುವವರೆಗೆ ಕಾಯಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ನೀರನ್ನು ಪರೀಕ್ಷೆ ಮಾಡಿಸಿರಿ. ಪಂಪು ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಿಂದ ಮೂರು ಸಲ ತೊಳೆದ ಬಾಟಲಿಯಲ್ಲಿ ಹಿಡಿದು, ಅಂದೇ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಶಾಲೆಗೆ ಮುಟ್ಟಿಸಿರಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿರಿ. ತಿಪ್ಪೆ ಬಾವಿಯಿಂದ ದೂರವಿರಲಿ.