ನಂದಿ: ತುದಿಗೊಂದು ಗಂಟೆ, ಬುಡಕ್ಕೊಂದು ದಿನ

ಭಾನುವಾರ ನಸುಕಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆ ಹಿಡಿಯುವ ವಾಹನಗಳಲ್ಲಿ ವಿಮಾನಕ್ಕೆ ಹೊರಟವನ್ನು ಬಿಟ್ಟರೆ ಉಳಿದವು ಹೆಚ್ಚಾಗಿ ನಂದಿಬೆಟ್ಟದ ಕಡೆಗೇ. ಗೇಟಿನ ಮುಂದೆ ಸಾಲು, ಮೇಲೆ ಮಂಜು, ಮಂಜಿನ ಸಂದಿಯಲ್ಲಿ ಸೂರ್ಯ, ನಾಲ್ಕು ಫೋಟೊ, ಒಂದು ಲೋಟ ಚಹಾ. ಒಂಬತ್ತೂವರೆಗೆಲ್ಲ ಯಲಹಂಕದಲ್ಲಿ ತಿಂಡಿಗೆ ವಾಪಸ್ಸು. ಇದೇ ಬೆಟ್ಟವನ್ನು ನೋಡುವ ಇನ್ನೊಂದು ಕ್ರಮವಿದೆ. ಒಂದು ಮನೆಯವರಿಗೋ ನಾಲ್ಕಾರು ಸ್ನೇಹಿತರಿಗೋ ಪ್ರತ್ಯೇಕವಾಗಿ ಒಂದು ಕಾರು, ಜೊತೆಗೆ ಆ ಸೀಮೆಯನ್ನು ಬಲ್ಲ ಗೈಡ್, ಮಧ್ಯಾಹ್ನಕ್ಕೆ ಬೆಟ್ಟದ ಬುಡದ ಊರಿನಲ್ಲಿ ಊಟ, ದೀಪ ಹಚ್ಚುವ ಹೊತ್ತಿಗೆ ಮನೆ.

ಗೈಡ್ ಇಟ್ಟುಕೊಂಡು ಸುತ್ತುವುದು ಹೊರಗಿನಿಂದ ಬಂದವರ ಕೆಲಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆರ್.ಟಿ. ನಗರದಲ್ಲಿ, ಹೆಬ್ಬಾಳದಲ್ಲಿ, ಯಶವಂತಪುರದಲ್ಲಿ ಹುಟ್ಟಿ ಬೆಳೆದವರಿಗೇ ಇದು ಹೆಚ್ಚು ಬೇಕು ಎಂಬುದು ನನ್ನ ನಂಬಿಕೆ. ಯಲಹಂಕದ ಪ್ರಭುಗಳ ಮನೆತನ, ನಗರದ ಮೊದಲ ಕೊಳಾಯಿ ನೀರು, ನಮ್ಮ ತಟ್ಟೆಯ ರಾಗಿ ಮತ್ತು ಅವರೆ, ಇವೆಲ್ಲಕ್ಕೂ ಈ ಬೆಟ್ಟದ ಮಗ್ಗುಲಿನ ನಂಟಿದೆ. ಗೈಡ್ ಒಳ್ಳೆಯವರೋ ಅಲ್ಲವೋ ಎಂದು ಅಳೆಯಲು ನನ್ನಲ್ಲಿರುವುದು ಒಂದೇ ಅಳತೆ: ಅವರು ನಿಮ್ಮನ್ನು ಬುಡದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ?

ಬಲ್ಲವರಾದರೆ ಆವತಿಯಲ್ಲಿ ಕಾರು ನಿಲ್ಲಿಸದೆ ಮುಂದೆ ಹೋಗುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಕಣ್ಣಿಗೂ ಬೀಳದ ಊರು ಅದು. ಕಂಚಿ ಸೀಮೆಯಿಂದ ಏಳು ಬಂಡಿಗಳಲ್ಲಿ ಹೊರಟು ಬಂದ ಒಕ್ಕಲು ಮನೆತನಗಳು ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟವು, ಮುಂದಾಳು ರಣಭೈರೇಗೌಡ ತನ್ನ ಮಗಳು ದೊಡ್ಡಮ್ಮನನ್ನು ಬಲವಂತದ ಮದುವೆಯಿಂದ ಉಳಿಸಲು ಹುಟ್ಟೂರು ತೊರೆದಿದ್ದ ಎಂಬುದು ಐತಿಹ್ಯ. ಆವತಿಯಲ್ಲಿ ನೆಲೆ ನಿಂತ ಈ ನಾಡಪ್ರಭುಗಳ ಕವಲುಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಯಲಹಂಕಗಳಿಗೆ ಹರಡಿದವು. ಯಲಹಂಕದ ಕವಲಿನ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದರು. ಅವರ ಭಾರೀ ಪ್ರತಿಮೆ ವಿಮಾನ ನಿಲ್ದಾಣದ ಆವರಣದಲ್ಲಿ 2022ರಿಂದ ನಿಂತಿದೆ, ಅದನ್ನು ಎಲ್ಲರೂ ನೋಡುತ್ತಾರೆ. ಆ ಮನೆತನ ಮೊದಲು ಒಲೆ ಹೂಡಿದ ಊರು ಅಲ್ಲಿಂದ ಅಷ್ಟೇನೂ ದೂರದಲ್ಲಿಲ್ಲ. ಹಾಗೆಂದು ಕೆಂಪೇಗೌಡರಿಗಿಂತ ಮೊದಲು ನಮ್ಮ ಕಡೆ ಬರಿಯ ಕಾಡಿತ್ತು ಎಂದೇನಲ್ಲ. ಹೆಬ್ಬಾಳದಲ್ಲಿ ಸಿಕ್ಕಿರುವ ಕಿಟ್ಟಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು.

ದೇವನಹಳ್ಳಿಯಲ್ಲಿ ಅರ್ಧ ಗಂಟೆ ಸಾಕು. 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಗೆ ಕಲ್ಲಿನ ರೂಪ ಬಂದದ್ದು ಹೈದರಾಲಿಯ ಕಾಲಕ್ಕೆ. ಟಿಪ್ಪು ಹುಟ್ಟಿದ ಸ್ಥಳವೆಂದು ಗುರುತಿಸುವ ಪುಟ್ಟ ಕಲ್ಲಿನ ಮಂಟಪ ಅಲ್ಲೇ ಹತ್ತಿರದಲ್ಲಿದೆ. ಕೋಟೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ದೇವನಹಳ್ಳಿಯ ಚಕ್ಕೋತ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹಣ್ಣಿನ ಮರಗಳು 2008ರಲ್ಲಿ ವಿಮಾನ ನಿಲ್ದಾಣ ತೆರೆದು ಜಮೀನಿನ ಬೆಲೆ ಏರಿದ ಮೇಲೆ ಒಂದೊಂದಾಗಿ ಲೇಔಟುಗಳಿಗೆ ಜಾಗ ಬಿಟ್ಟುಕೊಟ್ಟವು. ಕಾಲದಲ್ಲಿ ಹೋದರೆ ಹಣ್ಣು ಈಗಲೂ ಸಿಗುತ್ತದೆ. ಕೊಂಡು ತಿನ್ನಿ. ತೊಳೆ ಬಿಡಿಸಿ ಒಂದಿಷ್ಟು ಉಪ್ಪುಖಾರ ಉದುರಿಸಿದರೆ ಬೇರೆ ತಿಂಡಿ ಬೇಡ.

ಇನ್ನು ಬೆಟ್ಟ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಈ ಬಂಡೆಯ ಮೇಲೆ ಚಿಕ್ಕಬಳ್ಳಾಪುರದ ಪಾಳೆಯಗಾರರು ಕಟ್ಟಿದ ಕೋಟೆಯನ್ನು ಹೈದರ್ ಮತ್ತು ಟಿಪ್ಪು ಬಲಪಡಿಸಿದರು. ಕಾರ್ನ್‌ವಾಲಿಸನ ಸೇನೆ ವಾರಗಟ್ಟಲೆ ಮುತ್ತಿಗೆ ಹಾಕಿ 1791ರ ಅಕ್ಟೋಬರ್ 19ರಂದು ಅದನ್ನು ಹಿಡಿಯಿತು. ಆಮೇಲೆ ಬೇಸಿಗೆಯ ಸೆಖೆ ತಾಳದ ಇಂಗ್ಲಿಷ್ ಅಧಿಕಾರಿಗಳ ತಂಪಿನ ತಾಣವಾಯಿತು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಇಲ್ಲೊಂದು ಬಂಗಲೆ ಕಟ್ಟಿಸಿಕೊಂಡಿದ್ದ. ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು 1927ರಲ್ಲಿ ಬಂದು ತಂಗಿದರು, 1936ರಲ್ಲಿ ಮತ್ತೆ ಬಂದರು. ಟಿಪ್ಪು ಡ್ರಾಪ್‌ನ ಕಂಬಿ ಹಿಡಿದು ನಿಲ್ಲುವವರು ಎಷ್ಟೋ ಮಂದಿ. ತುದಿಯ ಯೋಗನಂದೀಶ್ವರ ಗುಡಿಗೆ ಹೋಗುವವರು ಅದಕ್ಕಿಂತ ಕಡಿಮೆ. ಮರಗಳ ಕಡೆ ಕತ್ತೆತ್ತಿ ನೋಡುವವರು ಇನ್ನೂ ಕಡಿಮೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಷ್ಟೇ ಬದುಕುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಪಕ್ಷಿವೀಕ್ಷಕರು ಇಲ್ಲಿಗೆ ಬರುತ್ತಾರೆ. ಹಕ್ಕಿಯ ದನಿ ಗುರುತಿಸಬಲ್ಲ ಗೈಡ್ ಸಿಕ್ಕರೆ ಅದು ನಿಮ್ಮ ಪುಣ್ಯ.

ಮಂಡಿ ಗಟ್ಟಿಯಿದ್ದವರು ಸುಲ್ತಾನಪೇಟೆಯ ಕಡೆಯಿಂದ ಮೆಟ್ಟಿಲು ಹತ್ತಬಹುದು. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ನಡುನಡುವೆ ಕೋಟೆಯ ಬಾಗಿಲು, ಕಾರಿನಲ್ಲಿ ಹೋದವರಿಗೆ ಕಾಣದ ನಂದಿ. ಬೆಟ್ಟದ ಮೈ ಎಷ್ಟು ನಾಜೂಕು ಎಂಬುದು 2021ರ ಆಗಸ್ಟಿನಲ್ಲಿ ತಿಳಿಯಿತು. ಒಂದು ರಾತ್ರಿಯ ಭಾರೀ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಮತ್ತೆ ಜನರಿಗೆ ಬಾಗಿಲು ತೆರೆಯುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ತುದಿಯಲ್ಲಿ ಒಂದು ಗಂಟೆ ಸಾಕು ಎಂದು ನಾನು ಹೇಳುವುದರ ಹಿಂದೆ ಇದೂ ಒಂದು ಕಾರಣ. ವಾರಾಂತ್ಯದ ಅಷ್ಟೊಂದು ಜನ, ಅಷ್ಟೊಂದು ಎಂಜಿನ್ನುಗಳ ಭಾರವನ್ನು ಈ ಬೆಟ್ಟದ ಮೇಲೆ ದಿನವಿಡೀ ಹೇರಿ ಕೂರಿಸಬಾರದು.

ಮೇಲೆ ನಿಂತಾಗ ಗೈಡ್ ಕೈ ತೋರಿಸಬೇಕಾದದ್ದು ಸೂರ್ಯನ ಕಡೆಗಲ್ಲ, ನೀರಿನ ಕಡೆಗೆ. ನಂದಿ ಮತ್ತು ಅದರ ಸುತ್ತಲಿನ ಗುಡ್ಡಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳ ಹುಟ್ಟು. ಒಂದೇ ಗುಡ್ಡಸಾಲಿನ ಮಳೆ ಒಂದು ಕಡೆ ಆಂಧ್ರಕ್ಕೆ, ಇನ್ನೊಂದು ಕಡೆ ತಮಿಳುನಾಡಿಗೆ, ಮತ್ತೊಂದು ಕಡೆ ಅರ್ಕಾವತಿಯಾಗಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರಬೇಕು. ಈ ಅರ್ಕಾವತಿಯನ್ನು ಹೆಸರಘಟ್ಟದಲ್ಲಿ ತಡೆದು, 1896ರಲ್ಲಿ ಬೆಂಗಳೂರಿಗೆ ಮೊದಲ ಬಾರಿ ಕೊಳಾಯಿ ನೀರು ಕೊಟ್ಟರು. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಅಣೆಕಟ್ಟು. ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಗಂಟಲು ತಣಿಸಿದ್ದು ನಂದಿಯ ಮಳೆ.

ಇಷ್ಟು ಕೇಳಿ ಕೆಳಗಿಳಿಯುವ ಹೊತ್ತಿಗೆ ಹಸಿವಾಗಿರುತ್ತದೆ. ಇನ್ನೂ ಒಂದು ಫೋಟೊ ಎಂದು ತಡ ಮಾಡಿದರೆ ಈ ಕಡೆಯ ಗೈಡ್ ಹೇಳುವ ಮಾತು: “ಬೆಟ್ಟ ಎಲ್ಲೂ ಹೋಗಲ್ಲ ಬನ್ನಿ ಸಾರ್, ಮುದ್ದೆ ಆರೋಯ್ತದೆ.”

ನನ್ನ ಪಾಲಿಗೆ ಈ ದಿನದ ತೂಕವೆಲ್ಲ ಇರುವುದು ಈ ಊಟದಲ್ಲಿ. ಬುಡದ ಹಳ್ಳಿಗಳಲ್ಲಿ ಮೊದಲೇ ಹೇಳಿಟ್ಟರೆ ಮನೆಯಲ್ಲೇ ಅಡುಗೆ ಮಾಡಿ ಬಡಿಸುವವರಿದ್ದಾರೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬಹುದು. ಇಲ್ಲಿನ ಅನೇಕ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ, ಮುದ್ದೆಯನ್ನು ಒಬ್ಬರು ಹಿಟ್ಟು ಎಂದರೆ ಪಕ್ಕದವರು ಸಂಗಟಿ ಎನ್ನುತ್ತಾರೆ. ಮಳೆಗಾಲದಲ್ಲಿ ಹೋದರೆ ಜೊತೆಗೆ ಬೆರಕೆ ಸೊಪ್ಪಿನ ಸಾರು. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗೋಣಿ, ಕೀರೆ, ಹೊನಗೊನೆ, ಹೀಗೆ ಕೈಗೆ ಸಿಕ್ಕ ಸೊಪ್ಪುಗಳನ್ನೆಲ್ಲ ಕಿತ್ತು ಬೆರೆಸಿದ್ದು. ಯಾವುದನ್ನು ಬಿಡಬೇಕು, ಯಾವುದು ಎಷ್ಟಿರಬೇಕು ಎಂಬುದು ಕಿತ್ತವರ ಬೆರಳಿಗೆ ಗೊತ್ತು. ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಸೊಪ್ಪಿನಿಂದ ಈ ರುಚಿ ಬರುವುದಿಲ್ಲ.

ಬಸ್ಸಾರಾದರೆ ಕಾಳು ಮತ್ತು ಸೊಪ್ಪನ್ನು ಬೇಯಿಸಿ ಕಟ್ಟು ಬಸಿದು, ಹುರಿದು ರುಬ್ಬಿದ ಖಾರವನ್ನು ಆ ಕಟ್ಟಿಗೆ ಬೆರೆಸಿ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಉಪ್ಸಾರಿನಲ್ಲಿ ಕಟ್ಟಿಗೆ ಬರೀ ಉಪ್ಪು, ಖಾರವನ್ನು ಬೇರೆ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ, ಬೇಕಾದಷ್ಟು ಕಲಸಿಕೊಳ್ಳುವುದು ನಿಮಗೆ ಬಿಟ್ಟದ್ದು. ಒಂದೇ ಪಾತ್ರೆಯ ಬೇಳೆ, ಒಂದೇ ಹಿಡಿ ಸೊಪ್ಪಿನಿಂದ ಎರಡು ಪದಾರ್ಥ ತೆಗೆಯುವ ಈ ಜಾಣ್ಮೆ ಬಯಲುಸೀಮೆಯ ಬರಗಳು ಕಲಿಸಿದ್ದು. ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು ಇದ್ದೇ ಇದೆ.

ಪುಷ್ಯ ಮಾಸದ ಆಸುಪಾಸಿನಲ್ಲಿ ಹೋದವರಿಗೆ ಅವರೆಕಾಯಿ. ಕಾಳು ಬಿಡಿಸಿ, ನೀರಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೂ ಒತ್ತಿ ಸಿಪ್ಪೆ ಬಿಡಿಸಿದ ಇದುಕಿದ ಬೇಳೆಯ ಸಾರು ಆ ಕಾಲದ ದೊಡ್ಡ ಹಬ್ಬ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಇಬ್ಬನಿ ಬಿದ್ದ ಕಾಯಿಯ ಮೇಲಿನ ಜಿಡ್ಡಿನಲ್ಲಿ ಅದರ ಸೊಗಡಿದೆ, ಮುಟ್ಟಿದ ಕೈಯನ್ನು ತೊಳೆದರೂ ಹೋಗುವುದಿಲ್ಲ. ಎಲ್ಲ ಕಾಲಕ್ಕೂ ಬೆಳೆಯಬಲ್ಲ ಎಚ್‌ಎ–3, ಎಚ್‌ಎ–4 ತಳಿಗಳನ್ನು ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೇ ಹೊರತಂದಿತು. ಆ ಎಚ್ ಮತ್ತು ಎ ಅಂದರೆ ಹೆಬ್ಬಾಳ ಅವರೆ. ವರ್ಷವಿಡೀ ತರಕಾರಿ ಗಾಡಿಯಲ್ಲಿ ಅವರೆ ಕಾಣುವುದರಲ್ಲಿ ಇಂಥ ತಳಿಗಳ ಪಾಲು ದೊಡ್ಡದು, ಅದಕ್ಕೆ ಕೃತಜ್ಞನಾಗಿದ್ದೇನೆ. ಸೊಗಡಿಗೆ ಮಾತ್ರ ಚಳಿಗಾಲದ ನಾಟಿ ಕಾಯಿಯೇ ಬೇಕು.

ಊಟವಾದ ಮೇಲೆ ಹೊಲಕ್ಕೆ ಕರೆದೊಯ್ಯುವ ಗೈಡ್ ಇದ್ದರೆ ಅವರನ್ನು ಬಿಡಬೇಡಿ. ಹಳೆಯ ಪದ್ಧತಿಯ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲುಗಳಿರುತ್ತವೆ. ರಾಗಿಯನ್ನು ಕೂರಿಗೆಯಿಂದ ಬಿತ್ತುವಾಗಲೇ ಸಡ್ಡೆಯಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿಟ್ಟುಕೊಂಡು ಹೋಗುತ್ತಾರೆ. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಉಳಿಯುತ್ತದೆ, ಅವರೆ ಮಣ್ಣಿಗೆ ಸಾರಜನಕ ಕೊಡುತ್ತದೆ. ತಟ್ಟೆಯಲ್ಲಿ ಜೊತೆಯಾದ ಮುದ್ದೆ ಮತ್ತು ಅವರೆ ಸಾರು ಅದಕ್ಕೆ ಮೊದಲೇ ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆದವು. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಸಾಲಿನಲ್ಲಿ ನಿಲ್ಲಿಸಿ ತೋರಿಸಬೇಕು.

ಬಿಸಿಲು ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ. ಕ್ರಿ.ಶ. 806ರ ಸುಮಾರಿನಷ್ಟು ಹಿಂದಿನ ಶಾಸನಗಳಲ್ಲಿ ಇದರ ಪ್ರಸ್ತಾಪವಿದೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬರಾದ ಮೇಲೊಬ್ಬರು ಕೈ ಜೋಡಿಸಿ ಬೆಳೆಸಿದ ಗುಡಿ. ಬಾಲ್ಯಕ್ಕೆ ಅರುಣಾಚಲೇಶ್ವರ, ಯೌವನಕ್ಕೆ ಭೋಗನಂದೀಶ್ವರ, ವೈರಾಗ್ಯಕ್ಕೆ ಬೆಟ್ಟದ ಮೇಲಿನ ಯೋಗನಂದೀಶ್ವರ ಎಂದು ಶಿವನ ಮೂರು ಹಂತಗಳನ್ನು ಊರವರು ವಿವರಿಸುತ್ತಾರೆ. ಹೊಸದಾಗಿ ಮದುವೆಯಾದವರು ಮೊದಲು ಬರುವುದು ಕೆಳಗಿನ ಗುಡಿಗೆ. ಎರಡು ಗರ್ಭಗುಡಿಗಳ ನಡುವಿನ ಕಪ್ಪುಕಲ್ಲಿನ ಕಲ್ಯಾಣ ಮಂಟಪದ ಕಂಬಗಳ ಮುಂದೆ ನಿಂತರೆ ಗೈಡ್ ಮಾತು ನಿಲ್ಲಿಸಬೇಕು, ನೀವು ಸುಮ್ಮನೆ ನೋಡಬೇಕು. ಹಿಂದಿನ ಶೃಂಗಿ ತೀರ್ಥವನ್ನು ನಂದಿ ಕೊಂಬಿನಿಂದ ತಿವಿದು ಚಿಮ್ಮಿಸಿದ್ದೆಂದೂ, ದಕ್ಷಿಣ ಪಿನಾಕಿನಿ ಹುಟ್ಟುವುದು ಅಲ್ಲೇ ಎಂದೂ ಕಥೆ. ಹೊತ್ತಿದ್ದರೆ ಮುದ್ದೇನಹಳ್ಳಿ ಹತ್ತಿರದಲ್ಲೇ ಇದೆ. ವಿಶ್ವೇಶ್ವರಯ್ಯನವರು ಹುಟ್ಟಿದ ಊರಿನಲ್ಲೇ 1962ರಲ್ಲಿ ಅವರ ಸಮಾಧಿಯಾಯಿತು.

ಪ್ರವಾಸದ ಪಟ್ಟಿಗಳಲ್ಲಿ ಇಲ್ಲದ ಒಂದು ಜಾಗವನ್ನು ನಾನಾದರೆ ಸೇರಿಸುತ್ತೇನೆ: ಚಿಕ್ಕಬಳ್ಳಾಪುರದ ಕಂದವಾರ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಈ ಜಿಲ್ಲೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಪಂಪು ಮಾಡುತ್ತಾರೆ. ಎಚ್.ಎನ್. ವ್ಯಾಲಿ ಯೋಜನೆಯ ಗುರಿ ದಿನಕ್ಕೆ 21 ಕೋಟಿ ಲೀಟರ್, 65 ಕೆರೆ. ಬತ್ತಿದ್ದ ಕೆರೆಗಳು ತುಂಬಿದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಇಲ್ಲಿನ ರೈತರು ಕೇಳುತ್ತಲೇ ಇರುವುದೂ ನಿಜ, ಆ ಬೇಡಿಕೆ ನ್ಯಾಯವಾದದ್ದು. ಅರ್ಕಾವತಿಯ ಶುದ್ಧ ನೀರು ಪಡೆದು ಬೆಳೆದ ನಗರ, ನಾವು ಬಳಸಿ ಬಿಟ್ಟ ನೀರನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಿದ್ದೇವೆ ಎಂಬುದನ್ನು ಹೆಬ್ಬಾಳದವರು ಏರಿಯ ಮೇಲೆ ನಿಂತು ನೋಡಬೇಕು.

ಹೊರಡುವವರಿಗೆ ನಾಲ್ಕು ಮಾತು. ಪ್ರವಾಸ ಗೊತ್ತುಮಾಡುವಾಗ ಗೈಡ್ ಯಾವ ಊರಿನವರು, ಊಟ ಯಾರ ಮನೆಯಲ್ಲಿ, ಅಡುಗೆ ಮಾಡಿದವರಿಗೆ ಎಷ್ಟು ಸೇರುತ್ತದೆ ಎಂದು ಕೇಳಿ. ಮುಜುಗರ ಬೇಡ, ಒಳ್ಳೆಯವರು ಸಂತೋಷದಿಂದ ಹೇಳುತ್ತಾರೆ. ಸಾಧ್ಯವಾದರೆ ವಾರದ ದಿನ ಹೋಗಿ, ಭಾನುವಾರವೇ ಆದರೆ ಪ್ರವೇಶದ ನಿಯಮಗಳನ್ನು ಮೊದಲೇ ವಿಚಾರಿಸಿ. ಸ್ಕಂದಗಿರಿ ಹತ್ತುವ ಆಸೆಯಿದ್ದರೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮಾಡಿಸಿ, ಅದಕ್ಕೆ ಬೇರೆಯೇ ದಿನ ಇಡಿ. ಕಾರು ಬೇಡ ಎನ್ನುವವರಿಗೆ ಯಲಹಂಕದಿಂದ ಚಿಕ್ಕಬಳ್ಳಾಪುರದ ರೈಲಿದೆ. ನೂರು ವರ್ಷಕ್ಕೂ ಹಿಂದೆ ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೆ ಹಾಕಿದ ನ್ಯಾರೋಗೇಜ್ ಹಳಿ ಅಗಲವಾಗಿದೆ. ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಕಲ್ಲಿನ ನಿಲ್ದಾಣಗಳು ಇನ್ನೂ ನಿಂತಿವೆ. ಗೈಡಿಗೆ ನಂದಿ ಹಾಲ್ಟ್‌ಗೇ ಬರಲು ಹೇಳಬಹುದು. ಮುದ್ದೆ ಬೇಕೋ ಚಪಾತಿ ಬೇಕೋ ಎಂದು ಊಟದ ಮನೆಯವರು ಹಿಂದಿನ ದಿನವೇ ಫೋನಿನಲ್ಲಿ ಕೇಳುತ್ತಾರೆ. ಮುದ್ದೆ ಎನ್ನಿ.