ಅದು ದಾರಿ ತಪ್ಪಿದ ಡಾಲ್ಫಿನ್ ಮರಿಯಲ್ಲ

ಕಾರವಾರದಿಂದಲೋ ಮಲ್ಪೆಯಿಂದಲೋ ಆಗಾಗ ಒಂದು ಫೋಟೊ ಬರುತ್ತದೆ. ಮರಳ ಮೇಲೆ ಕಪ್ಪಗೆ, ನುಣ್ಣಗೆ ಬಿದ್ದಿರುವ ಪ್ರಾಣಿ, ಸುತ್ತ ಜನ. ಕೆಳಗೆ ಒಕ್ಕಣೆ: ಆಳ ಸಮುದ್ರದಿಂದ ದಾರಿ ತಪ್ಪಿ ಬಂದ ಡಾಲ್ಫಿನ್ ಮರಿ ಸಾವು. ನಮ್ಮ ಕಿಬ್ಬನಹಳ್ಳಿ ಕ್ರಾಸಿನಿಂದ ತಿಪಟೂರಿನ ಕೊಬ್ಬರಿ ಮಂಡಿಯವರೆಗೆ ಎಲ್ಲರ ಮೊಬೈಲಿನಲ್ಲೂ ಅದು ಓಡಾಡುತ್ತದೆ. ಅಯ್ಯೋ ಪಾಪ ಎಂದು ಮುಂದಕ್ಕೆ ಕಳಿಸುತ್ತಾರೆ. ಆ ಪ್ರಾಣಿಗೆ ಬೆನ್ನಿನ ಮೇಲೆ ರೆಕ್ಕೆ ಇಲ್ಲ, ಮುಂದಕ್ಕೆ ಚಾಚಿದ ಮೂತಿ ಇಲ್ಲ ಎಂದಾದರೆ ಅದು ಡಾಲ್ಫಿನ್ನೂ ಅಲ್ಲ, ಬಹುಮಟ್ಟಿಗೆ ಮರಿಯೂ ಅಲ್ಲ, ದಾರಿಯಂತೂ ತಪ್ಪಿಲ್ಲ.

ಅದು ಕಡಲಹಂದಿ, ವಿಜ್ಞಾನಿಗಳು ಫಿನ್‌ಲೆಸ್ ಪಾರ್ಪಾಯಿಸ್ ಎನ್ನುತ್ತಾರೆ. ಪೂರ್ತಿ ಬೆಳೆದರೂ ಒಂದೂವರೆ ಮೀಟರಿನ ಆಸುಪಾಸು, ಹಾಗಾಗಿಯೇ ನೋಡಿದವರಿಗೆ ಮರಿಯಂತೆ ಕಾಣುತ್ತದೆ. ನಿಜವಾದ ಮರಿ ಹುಟ್ಟುವಾಗ ಒಂದು ಮೀಟರೂ ಇರುವುದಿಲ್ಲ. ಗುಂಡು ತಲೆ, ಬೆನ್ನಿನ ಉದ್ದಕ್ಕೂ ರೆಕ್ಕೆಯ ಬದಲು ಸಣ್ಣ ಗಂಟುಗಳಿರುವ ಏಣು. ಡಾಲ್ಫಿನ್ನಿನ ಹಲ್ಲು ಮೊನಚು. ಇದರದ್ದು ಚಪ್ಪಟೆ, ಗುದ್ದಲಿಯ ಬಾಯಿಯ ಆಕಾರ. ಬದುಕಿದ್ದಾಗ ಬೂದು ಬಣ್ಣ, ಸತ್ತ ಮೇಲೆ ಕಪ್ಪಾಗುತ್ತದೆ. 1829ರಲ್ಲಿ ಫ್ರಾನ್ಸಿನ ಕ್ಯುವಿಯೇ ಇದನ್ನು ವರ್ಣಿಸಿದ ಮೇಲೂ ಬಹಳ ಕಾಲ ಪುಸ್ತಕಗಳಲ್ಲಿ ಇದು ‘ಕಪ್ಪು’ ಕಡಲಹಂದಿಯಾಗಿಯೇ ಉಳಿದದ್ದು, ನೋಡಿದವರೆಲ್ಲ ಹೆಣವನ್ನೇ ನೋಡಿದ್ದರಿಂದ.

ನನ್ನನ್ನು ಕೆರಳಿಸುವುದು ಮುಖ್ಯವಾಗಿ ‘ದಾರಿ ತಪ್ಪಿ’ ಎಂಬ ಮಾತು. ಈ ಪ್ರಾಣಿಯ ಮನೆಯೇ ದಡದ ಪಕ್ಕದ ನೀರು. ಐವತ್ತು ಮೀಟರಿಗಿಂತ ಕಡಿಮೆ ಆಳದಲ್ಲಿ, ಅಳಿವೆಬಾಯಿಗಳ ಹತ್ತಿರ, ಒಂದೆರಡೇ ಸೇರಿಕೊಂಡು ಓಡಾಡುತ್ತದೆ. ನೀರಿನಿಂದ ಮೇಲೆ ಜಿಗಿಯುವುದು ತೀರಾ ಅಪರೂಪ. ಗೋಕರ್ಣ, ಮುರುಡೇಶ್ವರಕ್ಕೆ ಹೋಗಿ ದೋಣಿ ಹತ್ತಿದ ನಮ್ಮವರು ಸಾಮಾನ್ಯವಾಗಿ ಕಂಡು ಬರುವುದು ಗೂನುಬೆನ್ನಿನ ಡಾಲ್ಫಿನ್ನುಗಳನ್ನು. ಅದೇ ನೀರಿನಲ್ಲಿ ಕಡಲಹಂದಿ ಸದ್ದಿಲ್ಲದೆ ಉಸಿರು ತೆಗೆದುಕೊಂಡು ಮುಳುಗಿರುತ್ತದೆ. ಕಣ್ಣಿಗೆ ಬೀಳದ್ದನ್ನು ಎಲ್ಲಿಂದಲೋ ಬಂದದ್ದು ಎಂದುಕೊಂಡುಬಿಡುತ್ತೇವೆ.

ಹಾಗೆ ಅಂದುಕೊಂಡ ಕೂಡಲೇ ಸಾವಿನ ಕಾರಣ ಕೇಳುವುದೂ ನಿಂತುಹೋಗುತ್ತದೆ. ದಾರಿ ತಪ್ಪಿತು, ಸತ್ತಿತು, ಮುಗಿಯಿತು. ರೋಗದಿಂದ, ವಯಸ್ಸಾಗಿ ಸಾಯುವವೂ ಇವೆ, ನಿಜ. ಆದರೆ ಲೋಕದಲ್ಲೆಲ್ಲ ಕಡಲಹಂದಿಗಳಿಗೆ ದೊಡ್ಡ ಕಂಟಕ ಗಿಲ್ ನೆಟ್, ಅಂದರೆ ನೀರಿನಲ್ಲಿ ನೇರವಾಗಿ ಇಳಿಬಿಡುವ ತೆಳು ನೈಲಾನ್ ಬಲೆ. ಮೀನಿಗೆ ಹಾಕಿದ ಬಲೆಗೆ ಇದು ಸಿಕ್ಕಿಕೊಳ್ಳುತ್ತದೆ, ಮೇಲೆ ಬಂದು ಉಸಿರಾಡಲಾಗದೆ ಉಸಿರುಕಟ್ಟಿ ಸಾಯುತ್ತದೆ. ಶಬ್ದ ಬಿಟ್ಟು ಪ್ರತಿಧ್ವನಿ ಕೇಳಿ ಬೇಟೆಯಾಡುವ ಪ್ರಾಣಿಗೆ ಬಲೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತಾರೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್. ಇವು ಬಿಡುವ ಶಬ್ದ 130ರ ಆಸುಪಾಸು. ಆದರೂ ತೆಳು ನೈಲಾನ್ ಎಳೆಯಿಂದ ಮರಳುವ ಧ್ವನಿ ತೀರಾ ಕ್ಷೀಣ. ಮೀನಿನ ಬೆನ್ನುಹತ್ತಿದ ಪ್ರಾಣಿಗೆ ಅದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಇದೆಲ್ಲ ಹೆಚ್ಚಾಗಿ ಗೊತ್ತಾಗಿರುವುದು ಇದರ ನೆಂಟ ಹಾರ್ಬರ್ ಪಾರ್ಪಾಯಿಸ್‌ನಿಂದ. ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್‌ನ ತಣ್ಣೀರಿನ ಪ್ರಾಣಿ ಅದು; ನಮ್ಮ ಕಡಲಲ್ಲಿ ಇಲ್ಲ. ಡೆನ್ಮಾರ್ಕಿನಲ್ಲಿ ಅವುಗಳ ಬೆನ್ನಿಗೆ ಉಪಕರಣ ಅಂಟಿಸಿ ನೋಡಿದ ವಿಜ್ಞಾನಿಗಳು 2016ರಲ್ಲಿ ಬರೆದರು: ಗಂಟೆಗೆ 550ರವರೆಗೆ ಸಣ್ಣ ಮೀನುಗಳ ಬೆನ್ನಟ್ಟುತ್ತವೆ, ಆ ಮೀನುಗಳ ಉದ್ದ ಮೂರರಿಂದ ಹತ್ತು ಸೆಂಟಿಮೀಟರ್. ಹೀಗೆ ಹಗಲೂ ರಾತ್ರಿ ತಿನ್ನಲೇಬೇಕಾದ ಪ್ರಾಣಿಗೆ ಮೀನಿರುವ ಜಾಗ ಬಿಟ್ಟು ಗತಿಯಿಲ್ಲ. ಬಲೆ ಬೀಳುವುದೂ ಅಲ್ಲೇ. 1994ರಲ್ಲಿ ಅಮೆರಿಕದ ಗಲ್ಫ್ ಆಫ್ ಮೇನ್‌ನಲ್ಲಿ ಬಲೆಗಳಿಗೆ ಸದ್ದು ಮಾಡುವ ಪುಟ್ಟ ಸಾಧನ ಕಟ್ಟಿ ಪರೀಕ್ಷಿಸಿದರು. ಸದ್ದು ಮಾಡಿದ ಬಲೆಗಳಿಗೆ ಸಿಕ್ಕಿದ್ದು 2, ಸದ್ದಿಲ್ಲದವಕ್ಕೆ 25. ಅಲ್ಲಿ ಫಲಿಸಿದ್ದು ನಮ್ಮ ಕಡಲಹಂದಿಗೂ ಹಾಗೆಯೇ ಫಲಿಸುತ್ತದೆಂದು ಹೇಳಲಾಗದು, ಇಲ್ಲೇ ಪರೀಕ್ಷೆಯಾಗಬೇಕು. ಬಲೆಯ ಮಾತೆತ್ತಿದರೆ ಮೀನುಗಾರರನ್ನು ದೂರಿದಂತೆ ಎಂಬುದೂ ತಪ್ಪು. ಬಲೆ ಹರಿದು ನಷ್ಟವಾಗುವುದು ಅವರಿಗೇ.

ಕಡಲಹಂದಿಯ ಬಗೆಗಿನ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮೀನುಗಾರರ ಪಾಲನ್ನೆಲ್ಲ ಇವೇ ತಿಂದು ಮುಗಿಸುತ್ತವೆ ಎಂಬುದು ಸುಳ್ಳು: ಇವುಗಳ ಊಟ ಸಣ್ಣ ಮೀನು, ಸಿಗಡಿ, ಬೊಂಡಾಸ್ (ಸ್ಕ್ವಿಡ್). ಆತ್ಮಹತ್ಯೆ ಮಾಡಿಕೊಳ್ಳಲು ದಡಕ್ಕೆ ಬರುತ್ತವೆ ಎಂಬುದಕ್ಕೆ ಆಧಾರವೇ ಇಲ್ಲ. ಬೇಕಾದಷ್ಟು ಇವೆ ಎನ್ನುವವರು ಕೇಳಿ: ಒಂದು ಸಲಕ್ಕೆ ಒಂದೇ ಮರಿ, ಸುಮಾರು ಹನ್ನೊಂದು ತಿಂಗಳ ಬಸಿರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲೇ, ಇದೂ ಇದೆ.

ನಮ್ಮ ಸೀಮೆಯ ರೈತ ತೆಂಗಿನ ಗರಿ ಒಣಗಿದರೆ ಯಾರ ಮಾತನ್ನೂ ಸುಮ್ಮನೆ ನಂಬುವುದಿಲ್ಲ. ಕಪ್ಪು ತಲೆ ಹುಳುವೋ, ಅಣಬೆ ರೋಗವೋ, ನೀರು ಸಾಲದ್ದೋ ಎಂದು ಗರಿ ತಿರುವಿ, ಬುಡ ಕೆದಕಿ ನೋಡುತ್ತಾನೆ. ಅದೇ ಮನುಷ್ಯ ಮೊಬೈಲಿಗೆ ಬಂದ ಒಕ್ಕಣೆಯನ್ನು ಏಕೆ ತಿರುವಿ ನೋಡುವುದಿಲ್ಲ? ಕಡಲು ದೂರ ಎಂಬ ನೆಪ ಬೇಡ. 206 ಎಂದು ಕರೆಯುತ್ತಿದ್ದ ಹಳೆಯ ಹೆದ್ದಾರಿ ತುಮಕೂರಿನಿಂದ ಹೊರಟು ನಮ್ಮ ಕಿಬ್ಬನಹಳ್ಳಿ ಕ್ರಾಸನ್ನು ದಾಟಿ ಹೊನ್ನಾವರದ ಕಡಲಿಗೇ ಹೋಗುತ್ತಿತ್ತು, ಬಂಗುಡೆ ಬೂತಾಯಿ ಕರಾವಳಿಯಿಂದಲೇ ನಮ್ಮ ಪೇಟೆಗೆ ಬರುತ್ತವೆ.

ಪ್ರವಾಸಕ್ಕೆ ಹೋದಾಗ ಇಂಥದ್ದು ಕಂಡರೆ ಅದರ ಜೊತೆ ಸೆಲ್ಫಿ ಬೇಡ. ಬದುಕಿದ್ದರೆ ಬಾಲ ಹಿಡಿದು ಎಳೆಯಬೇಡಿ. ಮೈಗೆ ಒದ್ದೆ ಬಟ್ಟೆ ಹೊದಿಸಿ, ನೆತ್ತಿಯ ಮೇಲಿನ ಉಸಿರುರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ. ಸತ್ತಿದ್ದರೆ ಇಡೀ ದೇಹದ ಒಂದು ಪಕ್ಕ, ಬೆನ್ನು, ಬಾಯಿ, ಇಷ್ಟರ ಫೋಟೊ ತೆಗೆಯಿರಿ. ಮೂತಿಯ ಸುತ್ತ, ಕೈಯಂಥ ರೆಕ್ಕೆಗಳ ಅಂಚಿನಲ್ಲಿ ದಾರ ಕೊರೆದ ಗೆರೆಗಳಿದ್ದರೆ ಅವನ್ನು ಹತ್ತಿರದಿಂದ ತೆಗೆಯಿರಿ. ಊರು, ದಿನ, ಉದ್ದ ಬರೆದು, ಹೂಳುವ ಮೊದಲೇ ಇಲಾಖೆಯವರಿಗೆ ಕಳಿಸಿ.