ಹಾರುತ್ತಿದ್ದ ಡ್ರೋನ್ ಏಕೆ ಬಿತ್ತು?

2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ‘ತಪಸ್’ ಎಂಬ ಚಾಲಕರಹಿತ ವಿಮಾನ ಹೊಲಕ್ಕೆ ಬಿದ್ದ ಸುದ್ದಿಯನ್ನು ಬೆಳೆಗಾರ ಬಂಧುಗಳು ಓದಿರಬಹುದು. ಅದು ರಕ್ಷಣಾ ಸಂಶೋಧನಾ ಸಂಸ್ಥೆಯದು, ವಿಚಾರಿಸಲು ತಜ್ಞರಿದ್ದಾರೆ. ಮನೆಯ ಹುಡುಗರು ಹವ್ಯಾಸಕ್ಕೆ ಕೊಂಡ ನಾಲ್ಕು ಪಂಖದ ಡ್ರೋನ್ ಬಿದ್ದರೆ ವಿಚಾರಿಸಬೇಕಾದವರು ನಾವೇ.

ಮಲೆನಾಡಿಗೆ ದೂರವಾದರೂ ವಿಜಯಪುರ ಸೀಮೆಯ ಉದಾಹರಣೆ ಇಲ್ಲಿ ಅನುಕೂಲ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದ ಮೇಲೆ ಏಪ್ರಿಲ್ ಮಧ್ಯಾಹ್ನ ಡ್ರೋನ್ ಹಾರಿಸಿದಿರೆನ್ನಿ. 20 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿ ನೂರಕ್ಕೆ ಆರು ಪಾಲು ತೆಳು. ಪಂಖ ಹೆಚ್ಚು ಜೋರಾಗಿ ತಿರುಗಬೇಕು, ಬ್ಯಾಟರಿ ಹೆಚ್ಚು ವಿದ್ಯುತ್ ಕೊಡಬೇಕು. ತುಂಬಿದಾಗ 4.2 ವೋಲ್ಟ್ ತೋರುವ ಸೆಲ್‌ಗಳಲ್ಲಿ ಒಂದು ಹಳತಾಗಿದ್ದರೂ ಸಾಕು, ಭಾರ ಬಿದ್ದೊಡನೆ ಅದು 3 ವೋಲ್ಟಿಗೂ ಕುಸಿಯಬಹುದು. ವೋಲ್ಟೇಜ್ ಇಳಿದಾಗ ಪಂಪ್‌ಸೆಟ್ ನಿಲ್ಲುವುದನ್ನು ಕಾಣದವರು ನಮ್ಮಲ್ಲಿ ಯಾರು?

ಬಿದ್ದ ರೀತಿಯನ್ನು ನೆನಪಿಸಿಕೊಳ್ಳಿ. ನಾಲ್ಕೂ ಪಂಖ ನಿಂತು ಕಲ್ಲಿನಂತೆ ಬಿದ್ದಿದ್ದರೆ ಮೊದಲು ಬ್ಯಾಟರಿಯನ್ನೂ ಅದರ ಜೋಡಣೆಯನ್ನೂ ಸಂಶಯಿಸಬೇಕು. ಒಂದು ಬದಿಗೆ ವಾಲಿ ಗಿರಕಿ ಹೊಡೆದಿದ್ದರೆ ಆ ಮೂಲೆಯ ಮೋಟಾರು, ಪಂಖ, ತಂತಿಗಳನ್ನು ನೋಡಬೇಕು. ‘ಸಿಗ್ನಲ್ ಹೋಯಿತು’ ಎನ್ನುವುದು ಸುಲಭದ ಉತ್ತರ. ಸಿಗ್ನಲ್ ತಪ್ಪಿದರೆ ಈಗಿನ ಬಹುತೇಕ ಡ್ರೋನ್‌ಗಳು ಹೊರಟಲ್ಲಿಗೆ ಮರಳುತ್ತವೆ ಇಲ್ಲವೆ ಮೆಲ್ಲನೆ ಇಳಿಯುತ್ತವೆ.

ದುರಸ್ತಿಗೆ ಕೊಡುವ ಮೊದಲು ಹಾರಾಟದ ದಾಖಲೆಯನ್ನು ನಕಲು ಮಾಡಿಟ್ಟುಕೊಳ್ಳಿ. ಕೊನೆಯ ಹತ್ತು ಸೆಕೆಂಡಿನ ವೋಲ್ಟೇಜ್ ಬಹಳಷ್ಟನ್ನು ಹೇಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತೀತು.

ಹದಿನೈದು ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಕಾರಣ ತಿಳಿಯುವವರೆಗೆ, ಕೆಳಗೆ ಜನ ಕೆಲಸ ಮಾಡುತ್ತಿರುವ ತೋಟದ ಮೇಲೆ ಅದೇ ಡ್ರೋನನ್ನು ಹಾರಿಸಕೂಡದು.